ಫೋನ್ ಮಾಡಿ ಹೋಗುವ ಮನೆ

ಹುಡುಗಿ ನೀರು ತರಲು ಅಡುಗೆಮನೆಗೆ ಹೋದಳು. ಒಂದು ಕಪಾಟು ತೆರೆದ ಸದ್ದು, ಮುಚ್ಚಿದ ಸದ್ದು, ಮತ್ತೆ ಇನ್ನೊಂದು ತೆರೆದ ಸದ್ದು. ನನ್ನೆದುರು ಸೋಫಾದಲ್ಲಿ ಕೂತಿದ್ದ ಸಾಕುತಾಯಿ ಮಾತು ನಿಲ್ಲಿಸದೆ, ತಲೆಯನ್ನಷ್ಟೇ ಹಿಂದಕ್ಕೆ ಹೊರಳಿಸಿ, "ಗ್ಲಾಸು ಈಗ ಕೆಳಗಿನ ಟ್ರಾಲಿಯಲ್ಲಿ ಉಂಟು ನೋಡು ಮಗಾ," ಎಂದರು. ಹುಡುಗಿ ತಟ್ಟೆಯ ಮೇಲೆ ಗ್ಲಾಸು ಇಟ್ಟುಕೊಂಡು ಬಂದಳು. ನಾನು ಕುಡಿದೆ.

ಕಪಾಟುಗಳ ಸದ್ದನ್ನು ಆ ಹೊತ್ತಿಗೇ ಕೇಳಿದೆನೋ, ಎಲ್ಲ ತಿಳಿದ ಮೇಲೆ ಅದನ್ನು ನಾನೇ ಅಲ್ಲಿಗೆ ಸೇರಿಸಿಕೊಂಡೆನೋ ಖಚಿತವಾಗಿ ಹೇಳಲಾರೆ. ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟೇ: "ಹುಡುಗಿ ನೀರು ತಂದಳು. ಚೆನ್ನಾಗಿದ್ದಾಳೆ." ನೆನಪು ತನಗೆ ಬೇಕಾದ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಳ್ಳಬಲ್ಲದು. ಆದರೆ ಒಂದು ಸಂಗತಿ ನಿಜ. ಈ ಮನೆ ಇರುವ ಕಾಮೋಠೆಯ ಭೇಟಿ ಮುಗಿದ ಮೇಲೆ ಮಾನಸರೋವರ ಸ್ಟೇಶನ್ನಿನಲ್ಲಿ ಲೋಕಲ್ ಹತ್ತಿ, ಠಾಣೆ ಬರುವುದರೊಳಗೆ ವರದಿ ಬರೆದು ಮುಗಿಸುವುದು ನನ್ನ ರೂಢಿ. ಅಂದು ಕಿಟಕಿಯ ಬದಿಯ ಸೀಟು ಸಿಕ್ಕಿತ್ತು. ಆದರೂ ವರದಿ ಬರೆಯಲಿಲ್ಲ.

ಕೆಲಸ ಏನೆಂಬುದನ್ನು ಹೇಳಬೇಕು. ಹೆತ್ತವರಿಲ್ಲದ, ಅಥವಾ ಹೆತ್ತವರು ನೋಡಿಕೊಳ್ಳಲಾಗದ ಮಕ್ಕಳನ್ನು ಬಾಲ ಕಲ್ಯಾಣ ಸಮಿತಿ ಕೆಲವು ಕಾಲಕ್ಕೆ ಒಂದು ಕುಟುಂಬಕ್ಕೆ ಒಪ್ಪಿಸುತ್ತದೆ. ಇದು ದತ್ತು ಅಲ್ಲ. ಮಗು ಆ ಮನೆಯಲ್ಲಿ ಬೆಳೆಯುತ್ತದೆ, ಹೊಣೆ ಸಮಿತಿಯದೇ ಆಗಿರುತ್ತದೆ. ನಮ್ಮಂಥ ಸಂಸ್ಥೆಯವರು ಆಗಾಗ ಹೋಗಿ ನೋಡಿ ವರದಿ ಕೊಡುತ್ತೇವೆ. ವರ್ಷಕ್ಕೊಮ್ಮೆ ಸಮಿತಿ ಆ ವರದಿಗಳನ್ನು ಮುಂದಿಟ್ಟುಕೊಂಡು, ಮಗು ಅದೇ ಮನೆಯಲ್ಲಿ ಮುಂದುವರಿಯಬೇಕೇ ಬೇಡವೇ ಎಂದು ತೀರ್ಮಾನಿಸುತ್ತದೆ. ಈ ಹುಡುಗಿಯ ತೀರ್ಮಾನ ಆಗಸ್ಟಿನಲ್ಲಿ ಆಗಬೇಕಿತ್ತು.

ಅವಳಿಗೆ ಹನ್ನೆರಡರ ಆಸುಪಾಸು. ತಾಯಿ ವಿಜಯಪುರದ ಕಡೆಯಿಂದ ಘಣಸೋಲಿಯ ಕಟ್ಟಡ ಕೆಲಸಕ್ಕೆ ಬಂದವಳು, ಕಾಮಾಲೆಯಿಂದ ಸತ್ತಿದ್ದಳು. ತಂದೆ ಎಲ್ಲಿದ್ದಾನೆಂದು ಪತ್ತೆಯಾಗಲಿಲ್ಲ. ಕಲ್ಯಾಣ ಎಂಬ ಊರಿನ ಬಾಲಕಿಯರ ವಸತಿಗೃಹದಲ್ಲಿ ಕೆಲವು ಕಾಲ ಇದ್ದ ಮೇಲೆ, ಕಾಮೋಠೆಯ ಮಕ್ಕಳಿಲ್ಲದ ದಂಪತಿಗೆ ಅವಳನ್ನು ಒಪ್ಪಿಸಲಾಯಿತು. ಅವರು ಉಡುಪಿ ಕಡೆಯವರು. ಗಂಡನಿಗೆ ಘಣಸೋಲಿಯಲ್ಲಿ ಒಂದು ಸಣ್ಣ ಹೋಟೆಲು. ಎರಡೂ ಕಡೆಯವರ ಭಾಷೆ ಕನ್ನಡ ಎಂಬ ಕಾರಣಕ್ಕೆ ಎಲ್ಲರಿಗೂ ಈ ಜೋಡಣೆ ಹಿಡಿಸಿತ್ತು. ಮನೆಯಲ್ಲಿ ಅವರು ಆಡುವುದು ತುಳು ಎಂಬುದು ಆಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ನನಗೆ ಈ ಮನೆ ವಹಿಸಿದ್ದೂ ಕನ್ನಡದ ಕಾರಣಕ್ಕೇ. ನಾನು ಡೊಂಬಿವಲಿಯಲ್ಲಿ ಹುಟ್ಟಿದವಳು, ತಂದೆತಾಯಿ ಧಾರವಾಡದವರು.

ಭೇಟಿಗೆ ಮೊದಲು ಫೋನ್ ಮಾಡುವುದು ನಮ್ಮಲ್ಲಿ ರೂಢಿ. ಈ ಊರುಗಳಲ್ಲಿ ಹೇಳದೆ ಕೇಳದೆ ಯಾರ ಮನೆಗೂ ಯಾರೂ ಹೋಗುವುದಿಲ್ಲ. ಒಬ್ಬರು ಟ್ರೇನಿನಲ್ಲಿ, ಒಬ್ಬರು ಶಿಫ್ಟಿನಲ್ಲಿ. ಎರಡು ಸಲ ಗಾಡಿ ಬದಲಿಸಿ ಹೋಗಿ ಬೀಗ ನೋಡಿಕೊಂಡು ಬರುವ ಚೈತನ್ಯ ಯಾರಿಗಿದೆ? ಅದೂ ಅಲ್ಲದೆ ಸಾಕಲು ಮುಂದೆ ಬಂದವರನ್ನು ಗೌರವದಿಂದ ಕಾಣಬೇಕು ಎನ್ನುವುದು ನಮ್ಮ ಮೇಲ್ವಿಚಾರಕರು ಮೊದಲ ದಿನವೇ ಹೇಳಿಕೊಟ್ಟ ಪಾಠ. ಹಾಗಾಗಿ ನಾನು ಫೋನ್ ಮಾಡುತ್ತಿದ್ದೆ, ಅವರು, "ಬನ್ನಿ ಮಾರಾಯ್ರೆ, ಫೋನ್ ಎಂತಕ್ಕೆ, ನಿಮ್ಮದೇ ಮನೆ," ಎನ್ನುತ್ತಿದ್ದರು. ಹೋದಾಗ ನೀರುದೋಸೆ ಇರುತ್ತಿತ್ತು. ಹುಡುಗಿ ಇಸ್ತ್ರಿ ಮಾಡಿದ ಹಳದಿ ಫ್ರಾಕಿನಲ್ಲಿ ಇರುತ್ತಿದ್ದಳು.

"ಇನ್ನೊಂದು ಹಾಕಿಸಿಕೊಳ್ಳಿ. ನೀವು ಎರಡರಲ್ಲಿ ಎದ್ದರೆ ಇವರು ನನ್ನನ್ನು ಹೋಟೆಲಿನ ಪಾತ್ರೆ ತೊಳೆಯಲಿಕ್ಕೆ ಕಳಿಸ್ತಾರೆ," ಎಂದು ಸಾಕುತಾಯಿ ನಗುತ್ತಿದ್ದರು. ಗಂಡ, ಕಡಿಮೆ ಮಾತಿನ ಮನುಷ್ಯ, "ಅಲ್ಲಿ ನಿನಗಿಂತ ಚೆನ್ನಾಗಿ ತೊಳೆಯುವವರು ಇದ್ದಾರೆ," ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಹುಡುಗಿಯೂ ನಗುತ್ತಿದ್ದಳು. ಅವಳ ಕೋಣೆ, ಅವಳ ಮಂಚ, ಗೋಡೆಗಂಟಿಸಿದ ವೇಳಾಪಟ್ಟಿ ಎಲ್ಲವನ್ನೂ ನೋಡಿ, "ಹೇಗಿದ್ದೀಯಾ?" ಎಂದು ಕೇಳುತ್ತಿದ್ದೆ. "ಚೆನ್ನಾಗಿದ್ದೇನೆ ಅಕ್ಕ," ಎಂದು ಅವಳು ಕರಾವಳಿಯ ಕನ್ನಡದಲ್ಲಿ ಹೇಳುತ್ತಿದ್ದಳು. ವಿಜಯಪುರದ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ, ಎಷ್ಟು ಬೇಗ ಹೊಂದಿಕೊಂಡಳಲ್ಲ ಎಂದು ಸಂತೋಷಪಟ್ಟದ್ದು ದಿನಚರಿಯಲ್ಲಿದೆ.

ಗ್ಲಾಸಿನ ಮಾತನ್ನು ಮರುದಿನ ಮೇಲ್ವಿಚಾರಕರಿಗೆ ಹೇಳಿದೆ. ನಮ್ಮ ಕಚೇರಿ ಠಾಣೆಯ ನೌಪಾಡಾದಲ್ಲಿ, ಒಂದು ಮಿಠಾಯಿ ಅಂಗಡಿಯ ಮೇಲಿನ ಮಹಡಿ. ಮಧ್ಯಾಹ್ನವಾದರೆ ತುಪ್ಪದ ವಾಸನೆ ಕಡತಗಳಿಗೂ ಅಂಟಿಕೊಳ್ಳುತ್ತದೆ. ಮೇಲ್ವಿಚಾರಕರು ಮರಾಠಿಯವರು, ಈ ಕೆಲಸದಲ್ಲಿ ಹಣ್ಣಾದವರು.

"ಗ್ಲಾಸು ಎಲ್ಲಿದೆ ಅಂತ ನನ್ನ ಮಗಳಿಗೂ ಗೊತ್ತಿಲ್ಲ. ಅವಳನ್ನೂ ಸಮಿತಿಯ ಮುಂದೆ ನಿಲ್ಲಿಸ್ತೀಯಾ?" ಎಂದರು.

"ಹೇಳದೆ ಒಮ್ಮೆ ಹೋಗಿ ನೋಡಲೇ?"

ಅವರು ಕನ್ನಡಕ ತೆಗೆದರು. "ಹನ್ನೆರಡು ವರ್ಷದ ಹುಡುಗಿಯನ್ನು ಇಟ್ಟುಕೊಳ್ಳೋಕೆ ಎಷ್ಟು ಮನೆಗಳು ಮುಂದೆ ಬರ್ತವೆ? ಬಂದವರ ಬಾಗಿಲಿಗೆ ಪೊಲೀಸರ ಹಾಗೆ ಹೋಗಿ ನಿಂತರೆ ಇದ್ದವರೂ ಹೋಗ್ತಾರೆ. ಆಮೇಲೆ ಆ ಮಕ್ಕಳು ಎಲ್ಲಿಗೆ ಹೋಗಬೇಕು?" ಎಂದರು. ನಾನು ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಅವರೇ, "ಒಂದು ಸಲ. ಹಾದಿಯಲ್ಲಿ ಹೋಗುತ್ತಿದ್ದೆ, ಹಾಗೇ ಬಂದೆ ಅಂತ ಹೇಳು," ಎಂದರು.

ಆ ಸುಳ್ಳು ಉಪಯೋಗಕ್ಕೆ ಬರಲಿಲ್ಲ. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಹೌಸಿಂಗ್ ಸೊಸೈಟಿಯ ಗೇಟು. ಈಗಿನ ಸೊಸೈಟಿಗಳಲ್ಲಿ ಬಂದವರ ಹೆಸರನ್ನು ವಾಚ್‌ಮನ್ ತನ್ನ ಮೊಬೈಲಿಗೆ ಹಾಕುತ್ತಾನೆ, ಮನೆಯವರ ಮೊಬೈಲಿಗೆ ಸಂದೇಶ ಹೋಗುತ್ತದೆ, ಅವರು ಒಪ್ಪಿದರಷ್ಟೇ ಒಳಗೆ. ಹೇಳದೆ ಹೋಗುವುದು ಎಂಬುದೇ ಸಾಧ್ಯವಿಲ್ಲ. ಹಿಂದೆಲ್ಲ ಅವರು ಮೊದಲೇ ಹೇಳಿಟ್ಟಿರುತ್ತಿದ್ದರು, ನಾನು ನೇರ ಲಿಫ್ಟಿಗೆ ಹೋಗುತ್ತಿದ್ದೆ.

ವಾಚ್‌ಮನ್ ಒತ್ತಿದ ಬೆನ್ನಿಗೇ ನನ್ನ ಫೋನು ಹೊಡೆದುಕೊಂಡಿತು. ಸಾಕುತಾಯಿ. "ಅಯ್ಯೋ, ನಾವು ಮದುವೆಗೆ ಬಂದದ್ದು ಮಾರಾಯ್ರೆ. ಹುಡುಗಿಯೂ ಒಟ್ಟಿಗೆ ಉಂಟು. ಒಂದು ಫೋನ್ ಮಾಡುದಲ್ವಾ?" ಎಂದರು. ಹಿಂದೆ ವಾಲಗವಿರಲಿಲ್ಲ, ಜನರ ಗದ್ದಲವಿರಲಿಲ್ಲ. ಕುಕ್ಕರಿನ ಸೀಟಿ ಕೇಳಿಸಿತು. ಇದು ನನ್ನ ಕಲ್ಪನೆಯಲ್ಲ, ಗೇಟಿನಲ್ಲಿ ನಿಂತೇ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಬಿಸಿಲು ಬಿದ್ದಿತ್ತು. ವಾಚ್‌ಮನ್ ಬೇಸಿಗೆಯ ನಂತರ ಸೇರಿದ ಹೊಸಬ, ಪಾಪ ಎಂದು ಕುರ್ಚಿ ಸರಿಸಿದ. "ಬಚ್ಚೀ ಭೀ ಗಯೀ ಹೋಗೀ ಶಾದೀ ಮೇ," ಎಂದೆ, ಮಗುವೂ ಮದುವೆಗೆ ಹೋಗಿರಬೇಕು ಎಂಬ ಅರ್ಥದಲ್ಲಿ.

"ಕೌನ್ ಸೀ ಬಚ್ಚೀ?" ಎಂದ. ಆ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ ಇರುವುದು ಎಂದ. ಸ್ವಲ್ಪ ಯೋಚಿಸಿ, "ಹಾಂ, ಏಕ್ ಲಡ್ಕೀ ಆತೀ ಹೈ ಕಭೀ ಕಭೀ. ಗೆಸ್ಟ್ ಮೇ ಎಂಟ್ರೀ ಹೋತೀ ಹೈ. ಬಾಯೀ ಕೀ ಬೇಟೀ ಹೈ ನ?" ಎಂದು ನನ್ನನ್ನೇ ಕೇಳಿದ. ಯಾವಾಗಲೋ ಬರುವ ಅತಿಥಿ, ಬಹುಶಃ ಕೆಲಸದವಳ ಮಗಳು.

ನಾನು ಅಲ್ಲಿಂದ ಶಾಲೆಗೆ ಹೋದೆ. ನಮ್ಮ ನಮೂನೆಯಲ್ಲಿ "ಶಾಲೆಗೆ ಸೇರಿಸಲಾಗಿದೆಯೇ?" ಎಂಬ ಪ್ರಶ್ನೆ ಇದೆ, ಪ್ರತಿ ಸಲವೂ "ಹೌದು" ಎಂದು ಬರೆದಿದ್ದೆ. ಶಾಲೆಯ ಹೊಸಿಲು ತುಳಿದದ್ದು ಅದೇ ಮೊದಲು. ತರಗತಿಯ ಬಾಯಿ, ಅಂದರೆ ಅವಳ ಶಿಕ್ಷಕಿ, ರಜೆ ಮುಗಿದ ಮೇಲೆ ಹುಡುಗಿ ಬಂದೇ ಇಲ್ಲ ಎಂದರು. ವಿಚಾರಿಸಿದಾಗ ಮನೆಯವರು, ಊರಿಗೆ ಹೋಗಿದ್ದಾಳೆ ಎಂದರಂತೆ. "ಈ ಮಕ್ಕಳು ಊರಿಗೆ ಹೋಗುವುದು, ತಿಂಗಳುಗಟ್ಟಲೆ ಬಾರದಿರುವುದು ನಮಗೆ ಹೊಸದೇ?" ಎಂದರು. ಅವಳ ಊರು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಅವಳಿಗೆ ಊರೇ ಇಲ್ಲವೆಂದು ನನಗೆ ಗೊತ್ತಿತ್ತು.

ಶಾಲೆಯ ಕಾಂಪೌಂಡಿನಿಂದಲೇ ಸಾಕುತಾಯಿಗೆ ಫೋನ್ ಮಾಡಿದೆ. ಸುತ್ತಿಬಳಸದೆ, ಹುಡುಗಿ ಎಲ್ಲಿದ್ದಾಳೆ ಎಂದು ಕೇಳಿದೆ. ಅವರು ಮೊದಲು, ಯಾಕೆ ಕೇಳ್ತೀರಿ ಎಂದರು. ಆಮೇಲೆ, "ಅಕ್ಕನ ಮನೆಯಲ್ಲಿ ಉಂಟು, ಡೊಂಬಿವಲಿಯಲ್ಲಿ. ಮದುವೆ ಅಂತ ಹೇಳಿದ್ದು ನನಗೆ ಹೆದರಿಕೆ ಆಗಿ. ನಾನೂ ಇವತ್ತು ಇಲ್ಲೇ, ಅಕ್ಕನಲ್ಲೇ ಇದ್ದೇನೆ," ಎಂದರು.

ಅವರ ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತನ ಮಾಡಬೇಕಾದ ಅಕ್ಕನಿಗೆ ಮೊಣಕಾಲು ನೋವು. ಬೇಸಿಗೆ ರಜೆಯಲ್ಲಿ ಕೈನೆರವಿಗೆಂದು ಹುಡುಗಿಯನ್ನು ಕಳಿಸಿದ್ದರು. ರಜೆ ಮುಗಿಯಿತು, ಬಾಣಂತನ ಮುಗಿಯಲಿಲ್ಲ.

"ಅದರಲ್ಲಿ ಎಂತ ತಪ್ಪು, ನೀವೇ ಹೇಳಿ. ಅಕ್ಕನ ಮನೆ ಅಂದ್ರೆ ನಮ್ಮ ಮನೆ ಅಲ್ವಾ? ನನ್ನನ್ನೂ ಚಿಕ್ಕಮ್ಮನ ಬಾಣಂತನಕ್ಕೆ ಅಂತ ಕಳಿಸಿದ್ದು. ಮದುವೆ ಆಗುವವರೆಗೆ ಅಲ್ಲೇ ಇದ್ದೆ. ನಾನು ಸತ್ತು ಹೋದೆನಾ?"

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲೇ ಇಲ್ಲ ಮಾರಾಯ್ರೆ. ಮಂಚ ಉಂಟಾ ಅಂತ ಕೇಳಿದ್ರಿ. ಮಂಚ ಉಂಟು, ನೀವೇ ನೋಡಿದ್ದೀರಿ. ಅದರಲ್ಲಿ ಯಾರು ಮಲಗ್ತಾರೆ ಅಂತ ಕೇಳಿದ್ರಾ?"

ಇದನ್ನು ಅವರು ಚುಚ್ಚಲೆಂದು ಹೇಳಿದರೋ, ನಿಜಕ್ಕೂ ಹಾಗೆಯೇ ತಿಳಿದಿದ್ದರೋ ಇಂದಿಗೂ ಗೊತ್ತಿಲ್ಲ. ಎರಡನೆಯದೇ ಇರಬೇಕು ಎನ್ನಿಸುತ್ತದೆ. ನನ್ನ ತಾಯಿಯೂ ಸೋದರತ್ತೆಯ ಬಾಣಂತನಕ್ಕೆ ಹೋಗಿ ಒಂದು ವರ್ಷದ ಓದು ಬಿಟ್ಟವಳು. ಮನೆಯಲ್ಲಿ ಅದನ್ನು ನಗುತ್ತಾ ಹೇಳಿಕೊಳ್ಳುತ್ತೇವೆ. ನಮ್ಮ ಜನಕ್ಕೆ ಅದು ಅನ್ಯಾಯವಾಗಿ ಕಂಡದ್ದೇ ಇಲ್ಲ. ಆದರೆ ತಾಯಿಗೆ ಹಿಂತಿರುಗಲು ಒಂದು ಮನೆ ಇತ್ತು. ಅವಳನ್ನು ವಾಪಸು ಕರೆಯಲು ಒಬ್ಬ ಅಪ್ಪ ಇದ್ದ. ಈ ಹುಡುಗಿಯ ಪಾಲಿಗೆ ಆ ಕೆಲಸ ನಮ್ಮದಾಗಿತ್ತು, ಮತ್ತು ನಾವು ಫೋನ್ ಮಾಡಿ ಬರುತ್ತಿದ್ದೆವು.

ಡೊಂಬಿವಲಿಯ ಆ ಮನೆ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಗೇಟೂ ಇಲ್ಲ, ವಾಚ್‌ಮನ್ನೂ ಇಲ್ಲ, ಲಿಫ್ಟೂ ಇಲ್ಲ. ಮರುದಿನ ಬೆಳಿಗ್ಗೆಯೇ ಹೋದೆ. ಬಾಗಿಲು ತೆರೆದವಳು ಹುಡುಗಿ. ಮಾಸಿದ ನೈಟಿಯೊಂದನ್ನು ಮೇಲಕ್ಕೆ ಸಿಕ್ಕಿಸಿಕೊಂಡಿದ್ದಳು, ಹೆಗಲ ಮೇಲೆ ಕೂಸು. ಒಳಗಿಂದ ಸಾಂಬ್ರಾಣಿ ಹೊಗೆಯ ವಾಸನೆ.

"ಅಕ್ಕಾರ, ಸಾವಕಾಶ ಮಾತಾಡ್ರಿ. ಈಗರ ಮಲ್ಕೊಂಡದ," ಎಂದಳು. ಅವಳ ಬಾಯಲ್ಲಿ ಅವಳದೇ ಕನ್ನಡ ಕೇಳಿದ್ದು ಅದೇ ಮೊದಲು.

ಒಳಗೆ ಹೋಗಿ ಕೂತೆ. ಕೂಸನ್ನು ಒಂದು ಕೈಯಲ್ಲಿ ಅವಚಿಕೊಂಡೇ ಹುಡುಗಿ ಅಡುಗೆಮನೆಗೆ ಹೋದಳು, ನೋಡದೆಯೇ ಕೈ ಚಾಚಿ ಸ್ಟ್ಯಾಂಡಿನಿಂದ ಲೋಟ ತೆಗೆದಳು, ನೀರು ತಂದು ಕೊಟ್ಟಳು.

ಸಾಕುತಾಯಿಯ ಅಕ್ಕ ಮೊಣಕಾಲು ಹಿಡಿದುಕೊಂಡು ಹೊರಬಂದರು. ಹೆದರಿದ್ದರು, ಆದರೆ ಉಪಚಾರ ಮರೆತಿರಲಿಲ್ಲ. "ತಂಗಿ ಎಲ್ಲ ಹೇಳಿದ್ಲು. ನೀವು ನೋಡಿ ಮಾರಾಯ್ರೆ, ಅವಳಿಗೆ ಇಲ್ಲಿ ಎಂತ ಕಡಿಮೆ ಉಂಟು? ನಾವು ತಿಂದದ್ದೇ ಅವಳಿಗೂ. ಅವಳಿಲ್ಲದಿದ್ರೆ ಮಗು ಕಣ್ಣೇ ಮುಚ್ಚುದಿಲ್ಲ." ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ತಲೆಯಾಡಿಸಿದಳು. ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟ ಮುಖ.

ಹುಡುಗಿಯೊಡನೆ ಒಬ್ಬಳೇ ಮಾತಾಡಬೇಕು ಎಂದೆ. "ಇಲ್ಲೇ ಮಾತಾಡಿ. ನಾವೆಂತ ಹೊರಗಿನವರಾ?" ಎಂದರು ಅಕ್ಕ. ನಾನು ಎದ್ದು ನಿಂತೆ. ಹುಡುಗಿ ಕೂಸನ್ನು ಕೆಳಗಿಳಿಸಲಿಲ್ಲ, ಎತ್ತಿಕೊಂಡೇ ಟೆರೇಸಿನ ಮೆಟ್ಟಿಲಿಗೆ ಬಂದಳು. ಅಲ್ಲಿ ಒಗೆದ ಕೂಸಿನ ಬಟ್ಟೆಗಳು ಒಣಗಿದ್ದವು. ಅವಳ ಬೆರಳ ಸಂದುಗಳು ಸಾಬೂನಿಗೆ ಬಿಳಿಚಿ ಒಡೆದಿದ್ದವು.

ಬೆಳಿಗ್ಗೆ ಬಾಣಂತಿಗೆ ನೀರು ಕಾಯಿಸುವುದರಿಂದ ಅವಳ ದಿನ ಶುರುವಾಗುತ್ತಿತ್ತು. ಬಟ್ಟೆ, ಪಾತ್ರೆ, ಕೂಸನ್ನು ತೂಗುವುದು. ತೊಟ್ಟಿಲ ಪಕ್ಕದಲ್ಲಿ ನೆಲದ ಮೇಲೆ ನಿದ್ದೆ, ಕೂಸು ಎದ್ದರೆ ಅವಳೂ ಏಳಬೇಕು. ಯಾರೂ ಹೊಡೆಯುತ್ತಿರಲಿಲ್ಲ. ಕೇಳಿದೆ, ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಇಲ್ಲ ಎಂದಳು. ಶಾಲೆಗೆ ಯಾಕೆ ಹೋಗುತ್ತಿಲ್ಲ ಎಂದು ಕೇಳಿದಾಗ, ಇಷ್ಟು ಸರಳವಾದದ್ದೂ ತಿಳಿಯುವುದಿಲ್ಲವೇ ಎಂಬಂತೆ ನೋಡಿದಳು.

"ಸಾಲಿ ಕಾಮೋಠೆದಾಗ ಅದರಿ. ನಾ ಇಲ್ಲಿ ಅದೀನಿ."

"ನಾನು ಬಂದಾಗ ಹೇಳಬಹುದಿತ್ತಲ್ಲ?"

"ನೀವು ಫೋನ್ ಮಾಡಿದ ಕೂಡ್ಲೇ ಕಾಮೋಠೆ ಅಮ್ಮ ಬಂದು ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತಾರ್ರಿ. ಹಳದಿ ಅಂಗಿ ಅಲ್ಲೇ ಇರ್ತದ. ಅದನ್ನ ಹಾಕ್ಕೊಂಡು ಕುಂದರ್ತೀನಿ. ನೀವೂ ಪಾವಣ್ಯಾರು, ನಾನೂ ಪಾವಣ್ಯಾರು!" ಎಂದು ನಕ್ಕಳು. ಇಬ್ಬರು ಅತಿಥಿಗಳು ಒಬ್ಬರನ್ನೊಬ್ಬರು "ಹೇಗಿದ್ದೀಯಾ" ಎಂದು ಕೇಳಿಕೊಳ್ಳುತ್ತಿದ್ದೆವು.

ನಗು ನಿಂತ ಮೇಲೆ, "ಕಲ್ಯಾಣಕ್ಕ ಕಳಸ್ತೀರೇನ್ರಿ?" ಎಂದಳು.

ಇಲ್ಲಿ ನನ್ನ ನೆನಪಿಗೂ ದಿನಚರಿಗೂ ಜಗಳವಿದೆ. ದಿನಚರಿಯಲ್ಲಿ, "ನೋಡೋಣ ಎಂದೆ, ಭರವಸೆ ಕೊಡಲಿಲ್ಲ," ಎಂದು ಬರೆದಿದ್ದೇನೆ. ನೆನಪಿನಲ್ಲಿ ನಾನು, "ಇಲ್ಲ, ಕಳಿಸೋದಿಲ್ಲ," ಎಂದಿದ್ದೇನೆ. ಈ ಕೆಲಸದಲ್ಲಿ ತರಬೇತಿ ಪಡೆದವರು ಹಾಗೆ ಹೇಳುವುದಿಲ್ಲ. ತರಬೇತಿ ಪಡೆದವರು ದಿನಚರಿಯನ್ನೂ ಜಾಗ್ರತೆಯಿಂದ ಬರೆಯುತ್ತಾರೆ.

ಕೂಸು ಮಿಸುಕಿತು. ಅವಳು ಅದನ್ನು ನನ್ನ ಕೈಗೆ ಕೊಟ್ಟು, ನನ್ನ ಅಂಗೈಯನ್ನು ಅದರ ಕತ್ತಿನ ಹಿಂದೆ ತಾನೇ ಇರಿಸಿದಳು. "ಹಿಂಗ ಹಿಡೀರಿ. ಕುತ್ತಿಗಿ ಈಗೀಗ ನಿಲ್ಲಾಕತ್ತದ. ಮೊದಲ ಬರೇ ವಾಲ್ತಿತ್ತು." ಕೂಸು ಅಳತೊಡಗಿತು. ಅವಳು ವಾಪಸು ತೆಗೆದುಕೊಂಡಳು. ಸುಮ್ಮನಾಯಿತು. "ನೋಡಿದ್ರಿಲ್ಲ? ನಾ ಎತ್ಕೊಂಡ್ರನ ಸುಮ್ಮನಾಗೋದು," ಎಂದಳು. ಅವಳ ಮುಖದ ಮೇಲೆ ಅಂಥ ಹೆಮ್ಮೆಯನ್ನು ಕಾಮೋಠೆಯ ಯಾವ ಭೇಟಿಯಲ್ಲೂ ನಾನು ಕಂಡಿರಲಿಲ್ಲ.

ಎಲ್ಲವನ್ನೂ ಕೇಳಿದ ಮೇಲ್ವಿಚಾರಕರು ಹುಡುಗಿಯ ಕಡತ ತರಿಸಿ ತಿರುವಿ ಹಾಕಿದರು. ಆಮೇಲೆ ಒಂದು ದಾರಿ ಹೇಳಿದರು. "ಈ ವಾರದಲ್ಲೇ ಹುಡುಗಿ ಕಾಮೋಠೆಗೆ ಬರಲಿ. ಸೋಮವಾರದಿಂದ ಶಾಲೆಗೆ ಹೋಗಲಿ. ನಾನೇ ಆ ದಂಪತಿಯನ್ನು ಕೂರಿಸಿಕೊಂಡು ಬಯ್ಯುತ್ತೇನೆ. ಅದಾದ ಮೇಲೆ ನೀನು ವರದಿ ಬರೆ. ಆಗ ನೀನು ಬರೆದದ್ದೆಲ್ಲ ನಿಜವೇ ಆಗಿರುತ್ತದಲ್ಲ? ಸಮಿತಿಗೆ ಈ ಕಥೆ ಹೋದರೆ ಅವಳು ಕಲ್ಯಾಣಕ್ಕೆ ಹೋಗುತ್ತಾಳೆ. ನಾನು ಈ ದಾರಿಯಲ್ಲಿ ಬಹಳ ಸಲ ನಡೆದಿದ್ದೇನೆ."

ಅವರು ಕೆಟ್ಟವರಲ್ಲ. ವಸತಿಗೃಹದಲ್ಲಿ ಬೆಳೆದು ಹದಿನೆಂಟಕ್ಕೆ ಹೊರಬಿದ್ದ ಹುಡುಗಿಯರು ಏನಾದರು ಎಂಬುದನ್ನು ಅವರು ನನಗಿಂತ ಹೆಚ್ಚು ಕಂಡವರು. ಹುಡುಗಿಗೆ ಒಳ್ಳೆಯದಾಗುವುದೂ ಇದರಿಂದಲೇ ಇರಬಹುದು ಎಂದು ನನಗೂ ಅನ್ನಿಸಿತು. ಆದರೆ ಆ ವರದಿ ಓದಿದ ಸಮಿತಿ ಇನ್ನೊಂದು ವರ್ಷಕ್ಕೆ ಒಪ್ಪಿಗೆ ಕೊಡುತ್ತದೆ, ನಾನು ಮತ್ತೆ ಫೋನ್ ಮಾಡಿ ಹೋಗುತ್ತೇನೆ, ಹಳದಿ ಫ್ರಾಕು ಮತ್ತೆ ಇಸ್ತ್ರಿಯಾಗುತ್ತದೆ. ಮತ್ತು ನಮ್ಮ ಉಳಿದ ಮಕ್ಕಳು? ಅವರೆಲ್ಲರ "ಚೆನ್ನಾಗಿದ್ದಾಳೆ", "ಚೆನ್ನಾಗಿದ್ದಾನೆ"ಗಳೂ ಫೋನಿನ ಬೆನ್ನಿಗೇ ಬಂದವು.

ನಾನು ಕಂಡದ್ದನ್ನು ಕಂಡಂತೆಯೇ ಬರೆದೆ. ಶಿಫಾರಸಿನಲ್ಲಿ, ಹುಡುಗಿ ಕಾಮೋಠೆಯ ಮನೆಗೇ ಮರಳಲಿ, ಶಾಲೆಯ ಮೂಲಕ ಅವಳ ಮೇಲೆ ನಿಗಾ ಇರಲಿ, ಭಾನುವಾರ ಡೊಂಬಿವಲಿಗೆ ಹೋಗಿ ಕೂಸನ್ನು ನೋಡಲು ಬಿಡಲಿ, ಸಮಿತಿ ಅವಳೊಬ್ಬಳನ್ನೇ ಕೂರಿಸಿ ಕೇಳಲಿ ಎಂದೆ. ನ್ಯಾಯವಾದ ಶಿಫಾರಸು ಎಂದುಕೊಂಡೆ. ಆ ತೀರ್ಮಾನದಲ್ಲಿ ಹುಡುಗಿಯ ಹಿತ ಎಷ್ಟಿತ್ತು, ನನ್ನ ವರದಿ ಕಳಂಕವಿಲ್ಲದೆ ಇರಬೇಕೆಂಬ ಹಂಬಲ ಎಷ್ಟಿತ್ತು? ಆ ವಾರದ ದಿನಚರಿಯಲ್ಲಿ ಎರಡೂ ಕಾಣುತ್ತವೆ. ಮೇಲ್ವಿಚಾರಕರು ತಡೆಯಲಿಲ್ಲ. ಸಹಿ ಹಾಕಿ, "ನಾಳೆ ಏನಾದರೂ ಕೆಟ್ಟರೆ, ನಾನು ಆಗಲೇ ಹೇಳಿದ್ದೆ ಅಂತ ಅನ್ನೋದಿಲ್ಲ," ಎಂದರು.

ಸಮಿತಿಯ ಅಧ್ಯಕ್ಷೆ ವಯಸ್ಸಾದ ವಕೀಲರು. ನನ್ನನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ಕಳಿಸಿ ಹುಡುಗಿಯ ಮಾತು ಕೇಳಿದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಡೊಂಬಿವಲಿಯ ಮನೆಯಲ್ಲೇ ಇರುತ್ತೇನೆ, ಕೂಸಿನ ಹತ್ತಿರ, ಎಂದು ಹುಡುಗಿ ಕೇಳಿಕೊಂಡಳೆಂದು ಆಮೇಲೆ ತಿಳಿಯಿತು. ಕೈಕೆಲಸಕ್ಕೆ ಆಳು ಬೇಕಾಗಿರುವ ಮನೆಗೆ ಮಗುವನ್ನು ಸಾಕಲು ಕೊಡಲಾಗದು ಎಂದು ಸಮಿತಿ ಹೇಳಿತು. ಅದು ಸರಿಯೇ. ನಾನೂ ಅದನ್ನೇ ಹೇಳುತ್ತಿದ್ದೆ.

ನಾನು ಎಣಿಸದಿದ್ದದ್ದು ಕಾಮೋಠೆಯ ಗಂಡನ ಮಾತು. ಅಷ್ಟು ಕಡಿಮೆ ಮಾತಾಡುವ ಮನುಷ್ಯ ಸಮಿತಿಯ ಮುಂದೆ ಎದ್ದು ನಿಂತು ಹಿಂದಿಯಲ್ಲಿ, ನಾವು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ನೀವು ನಮ್ಮಲ್ಲಿ ಊಟ ಮಾಡಿದವರು. ಕೇಳಿದ್ರೆ ಹೇಳ್ತಿರ್ಲಿಲ್ವಾ? ವಾಚ್‌ಮನ್ ಹತ್ರ ಹೋಗಿ ವಿಚಾರಿಸಿದ್ರಿ," ಎಂದರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ಹುಡುಗಿ ಹೋಗಿ ಅವರ ಪಕ್ಕ ನಿಂತಳು, ಬೆನ್ನು ಸವರಿದಳು, ಕೂಸನ್ನು ಸಮಾಧಾನ ಮಾಡುವ ಹಾಗೆ.

ಕಲ್ಯಾಣಕ್ಕೆ ಅವಳನ್ನು ನಾನೇ ಬಿಟ್ಟು ಬಂದೆ. ರಿಕ್ಷಾದಲ್ಲಿ ಅವಳು ಒಂದೇ ಮಾತಾಡಿದ್ದು.

"ನೀವು ಕಳಸಂಗಿಲ್ಲ ಅಂದಿದ್ರಿ."

ದಿನಚರಿ ಅಲ್ಲಿಗೆ ಸೋತಿತು.

ಆ ಮಳೆಗಾಲದಲ್ಲಿ ನಾವು ಕೆಲಸದ ರೀತಿಯನ್ನೇ ಬದಲಿಸಿದೆವು. ಆಶ್ಚರ್ಯವೆಂದರೆ, ಹೊಸ ರೀತಿಗೆ ನನಗಿಂತ ಹಟ ಹಿಡಿದವರು ಮೇಲ್ವಿಚಾರಕರು. ಗೇಟು ದಾಟುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದಾಗ ಅವರೇ, "ಗೇಟಿನಿಂದ ಯಾಕೆ ಶುರು ಮಾಡಬೇಕು? ಶಾಲೆಯಿಂದ ಶುರು ಮಾಡು," ಎಂದರು. ಈಗ ಮನೆಗೆ ಫೋನ್ ಮಾಡುವುದಿಲ್ಲ. ಮೊದಲು ಶಾಲೆಗೆ ಹೋಗಿ ಮಗುವನ್ನು ಒಂಟಿಯಾಗಿ ಕಾಣುತ್ತೇವೆ, ಶಾಲೆ ಬಿಟ್ಟ ಮೇಲೆ ಅದರ ಜೊತೆಗೇ ನಡೆದು ಮನೆಗೆ ಹೋಗುತ್ತೇವೆ. ಗೇಟಿನಲ್ಲಿ ವಾಚ್‌ಮನ್ ಮಗುವನ್ನು ನೋಡಿ ಏನನ್ನೂ ಕೇಳದೆ ಒಳಗೆ ಬಿಟ್ಟರೆ ಅರ್ಧ ವರದಿ ಅಲ್ಲೇ ಆದಂತೆ. "ಮಂಚ ಇದೆಯೇ?" ಎಂಬುದನ್ನು ತೆಗೆದು "ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ? ಬೆಳಿಗ್ಗೆ ನಿನ್ನನ್ನು ಯಾರು ಎಬ್ಬಿಸಿದರು?" ಎಂದು ಹಾಕಿದೆವು. ಮಗು ಯಾವ ಭಾಷೆಯಲ್ಲಿ ಜಗಳವಾಡುತ್ತದೋ ಆ ಭಾಷೆಯಲ್ಲೇ ಕೇಳಬೇಕು ಎಂಬುದು ನಾನು ಸೇರಿಸಿದ್ದು.

ಉಪಯೋಗವಾಯಿತು. ಕಲ್ಯಾಣದ ಹತ್ತಿರ ಒಬ್ಬ ಹುಡುಗ ಅಂಗಡಿಯ ಅಟ್ಟದ ಮೇಲೆ ಮಲಗುತ್ತಿದ್ದದ್ದು ಹೀಗೆಯೇ ತಿಳಿಯಿತು. ಠಾಣೆಯ ಒಂದು ಮನೆಯಲ್ಲಿ ನನ್ನನ್ನು ಕಂಡರೂ ಕಾಣದಂತೆ ಮಗು ಮತ್ತು ಸಾಕುತಾಯಿ ಟಿವಿಯ ರಿಮೋಟಿಗಾಗಿ ಕಿತ್ತಾಡುತ್ತಿದ್ದರು. ಹೊರಬಂದು ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡೆ, ಅಷ್ಟು ಹಾಯೆನಿಸಿತು. ಕೆಲವು ಕುಟುಂಬಗಳು ಅವಮಾನವಾಯಿತೆಂದು ಬಿಟ್ಟುಹೋದವು. ಅವರಲ್ಲಿ ಒಳ್ಳೆಯವರೂ ಇದ್ದರು. ಮೇಲ್ವಿಚಾರಕರು ಮೊದಲೇ ಹೇಳಿದ್ದರು. ಮಾತು ಕೊಟ್ಟಂತೆ, ಹೇಳಿದ್ದೆ ಅನ್ನಲಿಲ್ಲ.

ದೀಪಾವಳಿ ಕಳೆದ ಮೇಲೆ ಕಲ್ಯಾಣದ ವಸತಿಗೃಹದ ಭೇಟಿ ನನ್ನ ಪಾಲಿಗೆ ಬಂತು. ಹೊಸ ನಿಯಮದಂತೆ, ಹೇಳದೆ ಹೋದೆ. ಹುಡುಗಿ ಶಾಲೆಯ ಸಮವಸ್ತ್ರದಲ್ಲಿದ್ದಳು, ತೋಳು ಅಳತೆಗೆ ಸರಿಯಾಗಿತ್ತು. ಬೆರಳ ಸಂದುಗಳ ಒಡಕು ವಾಸಿಯಾಗಿತ್ತು. ಅಂಗಳದ ಕಟ್ಟೆಯ ಮೇಲೆ ಇಬ್ಬರೇ ಕೂತೆವು.

"ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ಇಲ್ಲೇರಿ. ನೀವ ಬಿಟ್ಟು ಹೋಗೀರಲ್ಲ."

"ಬೆಳಿಗ್ಗೆ ಯಾರು ಎಬ್ಬಿಸಿದರು?"

"ಗಂಟಿ."

ಬರೆದುಕೊಂಡೆ. ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಅದೂ ಹೊಸ ನಮೂನೆಯಲ್ಲಿದೆ, ಕೊನೆಯ ಪ್ರಶ್ನೆ. ಅವಳು ಕಾಲಿನಿಂದ ಮಣ್ಣು ಕೆದಕಿದಳು.

"ಅಕ್ಕಾರ, ಪಾಪು ಈಗ ತಾನ ಕೂಡ್ತದೇನ್ರಿ? ಯಾರೂ ಹಿಡೀದ?"

ನನಗೆ ಗೊತ್ತಿರಲಿಲ್ಲ. ಸಮಿತಿಯ ದಿನದ ನಂತರ ಆ ಎರಡು ಮನೆಗಳ ಯಾರೂ ನನ್ನ ಫೋನ್ ಎತ್ತಿರಲಿಲ್ಲ. ಆ ಕೂಸು ಯಾವ ಕಡತದಲ್ಲೂ ಇಲ್ಲ, ಅದನ್ನು ಹೋಗಿ ನೋಡುವ ಕೆಲಸ ಯಾರದೂ ಅಲ್ಲ.

"ಕೂಡ್ತದ," ಎಂದೆ.

"ಬೀಳಂಗಿಲ್ಲ?"

"ಇಲ್ಲ."

ಅವಳು ತಲೆಯಾಡಿಸಿ ಎದ್ದು ಹೋದಳು. ಈ ಮಾತುಗಳನ್ನು ನಾನು ವರದಿಯಲ್ಲಿ ಬರೆಯಲಿಲ್ಲ. ದಿನಚರಿಯಲ್ಲೂ ಬರೆಯಲಿಲ್ಲ. ಬರೆಯದೆಯೂ ಇದ್ದದ್ದು ಇದ್ದ ಹಾಗೆಯೇ ನೆನಪಿದೆ.